ಮುಂಗಾರಿಗೆ ಮೊದಲು ಹಳೇ ಮಂಡಲ ಪಂಚಾಯ್ತಿ ಕಟ್ಟಡದ ಸೂರು ಕಟ್ಟಬೇಕು: ದಾನಿಗಳಲ್ಲಿ ಮನವಿ

ಊರಿನ ಹಿರಿಯರಿಗೆ, ಬೆಂಗಳೂರು, ತುಮಕೂರು ಸೇರಿರುವ ನಮ್ಮೂರ ಮಕ್ಕಳಿಗೆ, ಮಂಡಲ ಪಂಚಾಯ್ತಿಯ ಆಗಿನ ಪ್ರಧಾನರು ಮತ್ತು ಮೆಂಬರುಗಳ ಮನೆಯವರಿಗೆ ವಾಚನಾಲಯ ಟ್ರಸ್ಟಿನ ನಮಸ್ಕಾರಗಳು.

ಹೋದ ವರ್ಷ ಹಿಂಗಾರಿನಲ್ಲಿ, ಹಳೇ ಮಂಡಲ ಪಂಚಾಯ್ತಿ ಕಟ್ಟಡದಲ್ಲಿರುವ ನಮ್ಮ ವಾಚನಾಲಯದ ಸೂರು ಬಿದ್ದ ಸುದ್ದಿ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿದೆ. ಹಿಂದಿನ ಕೋಣೆಯ ತೊಲೆ ಗೆದ್ದಲು ಹಿಡಿದಿತ್ತು. ಅದು ಮುರಿದು ಹೆಂಚೆಲ್ಲ ಒಳಗೆ ಸುರಿಯಿತು. ರಾತ್ರಿ ಹೊತ್ತು, ಮಕ್ಕಳು ಓದು ಮುಗಿಸಿ ಮನೆ ಸೇರಿದ್ದರು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಆದರೆ ಮಂಡಲ ಪಂಚಾಯ್ತಿ ಕಾಲದ ಪುಸ್ತಕಗಳ ಬೀರು ಇದ್ದದ್ದು ಅದೇ ಕೋಣೆಯಲ್ಲಿ. ಬೆಳಗ್ಗೆ ಹೋಗಿ ನೋಡಿದರೆ ಸಭೆಯ ನಡವಳಿ ಪುಸ್ತಕಗಳು ನೀರು ಕುಡಿದು ಉಬ್ಬಿದ್ದವು. ಜಗುಲಿ ತುಂಬ ಹರಡಿ, ಒಂದೊಂದೇ ಹಾಳೆ ಬಿಡಿಸಿ ಒಣಗಿಸಿದೆವು. ಬಾಲ್‌ಪೆನ್ನಿನಲ್ಲಿ ಬರೆದದ್ದು ಉಳಿಯಿತು. ಇಂಕ್ ಪೆನ್ನಿನಲ್ಲಿ ಬರೆದದ್ದು ಎಷ್ಟೋ ಕಡೆ ನೀಲಿ ಕಲೆ ಆಗಿ ಹೋಗಿದೆ.

ಈಗ ಮೇಲೆ ಟಾರ್ಪಾಲು ಕಟ್ಟಿದ್ದೇವೆ. ಜೂನ್ ಮಳೆಗೆ ಅದು ತಡೆಯುವುದಿಲ್ಲ. ಮೇ ತಿಂಗಳು ಮುಗಿಯುವುದರೊಳಗೆ ಸೂರು ನಿಲ್ಲಬೇಕು. ಅದಕ್ಕೇ ಈ ಪತ್ರ.

ಈ ಕಟ್ಟಡ ಏನು, ಎಂಥದ್ದು ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೆ ಊರು ಬಿಟ್ಟವರ ಮಕ್ಕಳೂ ಇದನ್ನು ಫೋನಿನಲ್ಲಿ ಓದುತ್ತಾರೆ. ಅವರಿಗೆ ಮಂಡಲ ಪಂಚಾಯ್ತಿ ಅಂದರೆ ಗೊತ್ತಿಲ್ಲ. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಮೊದಲು ಇಲ್ಲಿ ಇದ್ದದ್ದು ಚೇರ್ಮನ್ನರ ಪಂಚಾಯ್ತಿ. 1959ರ ಕಾಯ್ದೆ ಪ್ರಕಾರ ನಡೆಯುತ್ತಿತ್ತು. ಮೇಲೆ ತಾಲ್ಲೂಕು ಬೋರ್ಡು. ಪಂಚಾಯ್ತಿಗೆ ಮನೆ ಕಂದಾಯ, ಸಂತೆ ಸುಂಕ ಇವೇ ಆದಾಯ. ದೀಪದ ಕಂಬಕ್ಕೆ ಬಲ್ಬು ಹಾಕಿಸುವುದಕ್ಕೂ ಕಷ್ಟ. ರಸ್ತೆ ಬೇಕು, ನೀರು ಬೇಕು ಅಂದರೆ ಎಲ್ಲದಕ್ಕೂ ತಾಲ್ಲೂಕು ಆಫೀಸಿನ ಬಾಗಿಲಲ್ಲಿ ನಿಲ್ಲಬೇಕಿತ್ತು.

ಅದನ್ನು ಬದಲಾಯಿಸಿದ್ದು 1983ರ ಕಾಯ್ದೆ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿ. ಪಂಚಾಯ್ತಿಗಳ ಸುಧಾರಣೆಗೆ ಕೇಂದ್ರ ಸರ್ಕಾರ ನೇಮಿಸಿದ್ದ ಅಶೋಕ್ ಮೆಹ್ತಾ ಸಮಿತಿ 1978ರಲ್ಲೇ ಹೇಳಿತ್ತು, ಹಳ್ಳಿಗಳನ್ನು ಕೂಡಿಸಿ ಮಂಡಲ ಮಾಡಿ, ಅದಕ್ಕೆ ನಿಜವಾದ ಅಧಿಕಾರ ಕೊಡಿ ಅಂತ. ಕರ್ನಾಟಕ ಅದನ್ನು ಮಾಡಿ ತೋರಿಸಿತು. ರಾಷ್ಟ್ರಪತಿಗಳ ಅಂಕಿತ ಬಿದ್ದು ಕಾಯ್ದೆ ಜಾರಿಗೆ ಬಂದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ರಾಜ್ಯದಲ್ಲಿ 19 ಜಿಲ್ಲಾ ಪರಿಷತ್ತು, ಸುಮಾರು 2,500 ಮಂಡಲ. ಒಂದೊಂದು ಮಂಡಲಕ್ಕೆ 8,000ದಿಂದ 12,000 ಜನ. ಮಲೆನಾಡಿನ ಕಡೆ ಇನ್ನೂ ಕಡಿಮೆ ಜನಕ್ಕೂ ಒಂದು ಮಂಡಲ ಕೊಟ್ಟಿದ್ದರು. ಆಗ ಮಂಡಲದ ಚುನಾವಣೆಗೂ ಪಕ್ಷದ ಚಿಹ್ನೆ ಇತ್ತು. ಗೋಡೆ ಗೋಡೆಯ ಮೇಲೂ ಸುಣ್ಣದಲ್ಲಿ ಚಿಹ್ನೆ ಬರೆದಿದ್ದರು ಅಂತ ಹಿರಿಯರು ಈಗಲೂ ಹೇಳುತ್ತಾರೆ.

ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಡಿಸಿಗಿಂತ ಸೀನಿಯರ್ ಅಧಿಕಾರಿ. ಅಂಥ ಕಾಲ ಅದು. ಮಂಡಲದ ಮುಖ್ಯಸ್ಥರು ಪ್ರಧಾನರು, ಅವರ ಕೆಳಗೆ ಉಪಪ್ರಧಾನರು. ನಮ್ಮೂರ ಪ್ರಧಾನರನ್ನು ಅವರು ತೀರಿಕೊಳ್ಳುವವರೆಗೂ ಜನ "ಪ್ರಧಾನ್ರೇ" ಅಂತಲೇ ಕರೆದರು. ಹೆಸರು ಹಿಡಿದು ಕರೆದವರಿಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ಹೆಂಗಸರದು. ಮಂಡಲದಲ್ಲಿ ಶೇಕಡ 25 ಸೀಟು ಅವರಿಗೆ ಅಂತ ಕಾಯ್ದೆಯೇ ಹೇಳಿತು. ದೇಶದ ಎಲ್ಲ ಪಂಚಾಯ್ತಿಗಳಲ್ಲೂ ಹೆಂಗಸರಿಗೆ ಸೀಟು ಮೀಸಲಿಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಮ್ಮ ಹಳ್ಳಿ ಹೆಂಗಸರು ವೋಟಿಗೆ ನಿಂತು, ಗೆದ್ದು, ಇದೇ ಹೆಂಚಿನ ಕಟ್ಟಡದಲ್ಲಿ ಕುರ್ಚಿ ಮೇಲೆ ಕೂತರು. ಇದು ಸಣ್ಣ ವಿಷಯ ಅಲ್ಲ, ಅಲ್ವಾ? ನಮ್ಮ ನಡವಳಿ ಪುಸ್ತಕದಲ್ಲಿ ಜನತಾ ಕಾಲೋನಿಯ ಒಬ್ಬ ಮೆಂಬರಮ್ಮನ ಹೆಬ್ಬೆಟ್ಟು ಮೊದಲ ಸಭೆಯಿಂದ ಇದೆ. ಮೂರನೇ ವರ್ಷಕ್ಕೆ ಬಂದರೆ ಅದೇ ಜಾಗದಲ್ಲಿ ರುಜು ಇದೆ. ಅಕ್ಷರ ಸೊಟ್ಟ, ಗೆರೆ ಬಿಟ್ಟು ಮೇಲೆ ಹೋಗಿದೆ. ಆ ತಾಯಿ ಈಗಿಲ್ಲ. ಅವರ ಮೊಮ್ಮಗಳು ನಮ್ಮಲ್ಲೇ ಓದಿ ಈಗ ನರ್ಸ್ ಆಗಿದ್ದಾಳೆ. ರಜೆಗೆ ಬಂದಾಗ ಅಜ್ಜಿಯ ರುಜು ನೋಡಬೇಕು ಅಂತ ಬಂದಳು. ತೋರಿಸಿದೆವು. ಆ ಪುಸ್ತಕ ನೆನೆದ ಪುಸ್ತಕಗಳಲ್ಲಿ ಒಂದು.

ನೀರಿನ ಮಾತು ಬಂದರೆ ನಮ್ಮ ಬಯಲುಸೀಮೆಯಲ್ಲಿ ನಜೀರ್ ಸಾಬರನ್ನು ನೆನೆಯದವರಿಲ್ಲ. ಬರದ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಬೋರಿಂಗ್ ಹಾಕಿಸಿದರು. ಜನ ಅವರನ್ನು "ನೀರ್ ಸಾಬ್" ಅಂತಲೇ ಕರೆದರು. ನಮ್ಮ ಮಂಡಲದ ಎರಡನೇ ವರ್ಷದ ನಡವಳಿಯಲ್ಲಿ ಬೋರಿಂಗ್ ಎಲ್ಲಿ ಹಾಕಬೇಕು ಅನ್ನುವುದಕ್ಕೆ ದೊಡ್ಡ ಚರ್ಚೆ ಇದೆ. ಊರ ಮುಂದಿನ ಅರಳಿಕಟ್ಟೆ ಹತ್ತಿರ ಬೇಕು ಅಂತ ಜಾಸ್ತಿ ಜನ. ಕಾಲೋನಿಯವರಿಗೆ ಮೊದಲು ಅಂತ ಅದೇ ಮೆಂಬರಮ್ಮ. ಕೊನೆಗೆ ಕಾಲೋನಿಗೇ ಠರಾವಾಯಿತು. ಆ ಕೈಪಂಪು ಈಗ ತುಕ್ಕು ಹಿಡಿದಿದೆ, ನೀರು ಪಾತಾಳಕ್ಕೆ ಹೋಗಿದೆ. ಆದರೆ ಠರಾವು ಪುಸ್ತಕದಲ್ಲಿದೆ. ಯಾರು ಏನು ಹೇಳಿದರು, ಯಾರು ಒಪ್ಪಲಿಲ್ಲ, ಎಲ್ಲ ಇದೆ. ನಜೀರ್ ಸಾಬರು 1988ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಮಂಡಲ ಸೇರಿ ಸಂತಾಪ ಬರೆದ ಪುಟವೂ ಇದೆ. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ. ನಮ್ಮಂಥ ಹಳ್ಳಿಗಳಲ್ಲಿ ಅವರ ಗುರುತಾಗಿ ಉಳಿದಿರುವುದು ಇಂಥ ಪುಟಗಳು ಮಾತ್ರ.

1989ರಲ್ಲಿ ಹಳ್ಳಿಯವರಿಗೆ ಕೂಲಿ ಕೆಲಸ ಕೊಡುವ ಕೇಂದ್ರದ ಜವಾಹರ್ ರೋಜ್‌ಗಾರ್ ಯೋಜನೆ ಬಂತು. ಕೂಲಿ ಹಣ ಮಂಡಲದ ಕೈಗೇ ಬರುವ ಹಾಗಾಯಿತು. ಕೆರೆಗೆ ಹೋಗುವ ದಾರಿ, ಶಾಲೆಯ ಎರಡು ಕೋಣೆ ಆಗಿನವು. ಕೂಲಿ ಪಟ್ಟಿಯಲ್ಲಿ ನಿಮ್ಮ ಅಪ್ಪ ಅಮ್ಮಂದಿರ ಹೆಸರಿದೆ. ಬಂದು ನೋಡಿ.

1992ರಲ್ಲಿ ಮಂಡಲದ ಅವಧಿ ಮುಗಿಯಿತು. ಮತ್ತೆ ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿ ಬಂದರು. 1993ರ ಮೇನಲ್ಲಿ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂದು ಮಂಡಲಗಳೇ ಇಲ್ಲವಾದವು. ಐದರಿಂದ ಏಳು ಸಾವಿರ ಜನಕ್ಕೊಂದು ಗ್ರಾಮ ಪಂಚಾಯ್ತಿ ಆಯಿತು. ನಮ್ಮ ಮಂಡಲ ಒಡೆದು ಎರಡಾಯಿತು. ಪ್ರಧಾನರು ಹೋಗಿ ಅಧ್ಯಕ್ಷರು ಬಂದರು. ಇದರಲ್ಲಿ ಒಳ್ಳೆಯದೂ ಆಯಿತು, ಇಲ್ಲ ಅನ್ನುವುದಿಲ್ಲ. ಹೆಂಗಸರ ಪಾಲು ಮೂರರಲ್ಲೊಂದಾಯಿತು, ಆಮೇಲೆ ಅರ್ಧವಾಯಿತು. ಆದರೆ ಇದಕ್ಕೆಲ್ಲ ದಾರಿ ಹಾಕಿದ್ದು ಮಂಡಲದ ಆ ಐದು ವರ್ಷ ಅಂತ ನಾವು ಗಟ್ಟಿಯಾಗಿ ನಂಬಿದ್ದೇವೆ. ಅಂಥ ಮಂಡಲದ ಬಗ್ಗೆ ಹೈಸ್ಕೂಲು ಮಕ್ಕಳನ್ನು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಬೇಜಾರಾಗುತ್ತದೆ.

ಹೊಸ ಪಂಚಾಯ್ತಿಗೆ ಹೊಸ ಆಫೀಸು ಆದ ಮೇಲೆ ಹಳೇ ಕಟ್ಟಡ ಖಾಲಿ ಬಿತ್ತು. ದನ ಕಟ್ಟುತ್ತಿದ್ದರು. ಹಿರಿಯರು ಸೇರಿ ಟ್ರಸ್ಟು ಮಾಡಿದರು. ಪಂಚಾಯ್ತಿ ಠರಾವು ಮಾಡಿ ಕಟ್ಟಡವನ್ನೂ ಹಳೇ ಪುಸ್ತಕಗಳನ್ನೂ ನಮ್ಮ ಸುಪರ್ದಿಗೆ ಕೊಟ್ಟಿತು. ಗೋಡೆಗೆ ಸುಣ್ಣ ಹೊಡೆದವರು, ಬೆಂಚು ಕೊಟ್ಟವರು, ದಿನಪತ್ರಿಕೆಗೆ ವರ್ಷದ ಚಂದಾ ಕಟ್ಟಿದವರು ಎಲ್ಲ ನೀವೇ. ಇಲ್ಲಿ ಓದಿದವರು ಮೇಷ್ಟ್ರಾಗಿದ್ದಾರೆ, ಪೊಲೀಸ್ ಸೇರಿದ್ದಾರೆ, ಇಬ್ಬರು ಪಿಡಿಒ ಆಗಿದ್ದಾರೆ. ಪಂಚಾಯ್ತಿ ಕಟ್ಟಡದಲ್ಲಿ ಓದಿ ಪಂಚಾಯ್ತಿ ಅಧಿಕಾರಿ ಆದರು ಅನ್ನುವ ಹೆಮ್ಮೆ ನಮಗಿದೆ.

ಈಗಿನ ಮಕ್ಕಳ ಕಷ್ಟ ನೋಡಲಾಗುವುದಿಲ್ಲ. ಎಷ್ಟೋ ಮಕ್ಕಳ ಅಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ. ಮಕ್ಕಳು ಅಜ್ಜಿ ಹತ್ತಿರ. ಒಂದೇ ಕೋಣೆಯ ಶೀಟಿನ ಮನೆ, ಅದರಲ್ಲಿ ಟಿವಿ. ಓದುವುದಕ್ಕೆ ಜಾಗ ಎಲ್ಲಿ? ಸೂರು ಬಿದ್ದ ಮೇಲೆ ಈ ಸಲದ ಎಸ್ಸೆಸ್ಸೆಲ್ಸಿ ಮಕ್ಕಳು ಗುಡಿಯ ಜಗುಲಿಯಲ್ಲಿ ಕೂತು ಓದಿದರು. ಚಳಿ, ಸೊಳ್ಳೆ, ಒಂದೇ ಟ್ಯೂಬ್‌ಲೈಟು. ಹುಡುಗಿಯರನ್ನು ಅಲ್ಲಿಗೆ ರಾತ್ರಿ ಕಳಿಸಲು ಮನೆಯವರು ಒಪ್ಪಲಿಲ್ಲ. ಅವರ ಓದು ನಿಂತೇ ಹೋಯಿತು. ನಮಗೆ ನಿದ್ದೆ ಕೆಡಿಸಿರುವುದು ಇದು.

ಖರ್ಚಿನ ವಿಷಯ. ಆರ್‌ಸಿಸಿ ಹಾಕಿಸಿಬಿಡಿ ಅಂತ ಕೆಲವರು ಸಲಹೆ ಕೊಟ್ಟರು. ಕಲ್ಲು ಮಣ್ಣಿನ ಗೋಡೆ ಆ ಭಾರ ಹೊರುವುದಿಲ್ಲ ಅಂತ ಮೇಸ್ತ್ರಿ ಹೇಳಿದ್ದಾರೆ. ಆದ್ದರಿಂದ ಮರದ ತೊಲೆ ತೆಗೆದು ಕಬ್ಬಿಣದ ಪೈಪಿನ ಚೌಕಟ್ಟು ಕೂರಿಸಿ, ಮೇಲೆ ಹೆಂಚನ್ನೇ ಹೊದಿಸುತ್ತೇವೆ. ಒಡೆಯದ ಹಳೇ ಹೆಂಚನ್ನು ತೊಳೆದು ಮತ್ತೆ ಬಳಸುತ್ತೇವೆ. ಕೂಲಿ, ವೈರಿಂಗ್ ಎಲ್ಲ ಸೇರಿ ಆರೇಳು ಲಕ್ಷ ಆಗಬಹುದು. ಪುಸ್ತಕಗಳಿಗೆ ಎರಡು ಕಬ್ಬಿಣದ ಬೀರು, ಪುಟ ಪುಟವನ್ನೂ ಸ್ಕ್ಯಾನ್ ಮಾಡಿಸುವುದು, ಇವಕ್ಕೆ ಒಂದು ಲಕ್ಷದ ಹತ್ತಿರ. ಈಗ ಕೈಯಲ್ಲಿರುವುದು ಒಂದೂವರೆ ಲಕ್ಷಕ್ಕಿಂತ ಸ್ವಲ್ಪ ಕಡಿಮೆ. ಸರ್ಕಾರದ ಅನುದಾನಕ್ಕೂ ಅರ್ಜಿ ಹಾಕಿದ್ದೇವೆ. ಅದನ್ನು ನೆಚ್ಚಿಕೊಂಡು ಕೂತರೆ ಮಳೆ ಬಂದುಬಿಡುತ್ತದೆ.

ನೂರು ರೂಪಾಯಿ ಕೊಟ್ಟರೂ ನಮಗೆ ದೊಡ್ಡದೇ. ಹಣ ಕೊಡಲಾಗದವರು ಹೆಂಚು ಇಳಿಸುವ ದಿನ ಕೈಜೋಡಿಸಿ. ಊರಲ್ಲಿ ಹಳೇ ಕಟ್ಟಡ ಕೆಡವುವವರಿದ್ದರೆ ಗಟ್ಟಿ ಹೆಂಚು ನಮಗೆ ಕೊಡಿಸಿ. ಮತ್ತೊಂದು ಕೋರಿಕೆ ಆಗಿನ ಮೆಂಬರುಗಳ ಮನೆಯವರಿಗೆ. ಮಂಡಲ ಕಾಲದ ಫೋಟೊ, ಚುನಾವಣೆ ಕರಪತ್ರ, ಆಮಂತ್ರಣ ಪತ್ರಿಕೆ ಅಟ್ಟದ ಮೇಲಿದ್ದರೆ ಎಸೆಯಬೇಡಿ. ಒಂದು ದಿನಕ್ಕೆ ಕೊಡಿ, ಸ್ಕ್ಯಾನ್ ಮಾಡಿ ಹಾಗೇ ವಾಪಸ್ ತಂದುಕೊಡುತ್ತೇವೆ. ಬದುಕಿರುವ ಮೆಂಬರುಗಳು ಬೆರಳೆಣಿಕೆಯಷ್ಟು. ಅವರ ಮಾತನ್ನು ಫೋನಿನಲ್ಲೇ ರೆಕಾರ್ಡ್ ಮಾಡುವ ಕೆಲಸ ನಮ್ಮ ಹುಡುಗರು ಶುರು ಮಾಡಿದ್ದಾರೆ.

ಹಣವನ್ನು ಟ್ರಸ್ಟಿನ ಬ್ಯಾಂಕ್ ಖಾತೆಗೇ ಹಾಕಿ. ಹಳೇ ರಸೀದಿಯ ಹಿಂದೆ ಖಾತೆ ವಿವರ ಅಚ್ಚಾಗಿದೆ. ರಸೀದಿ ಸಿಗದವರು ಟ್ರಸ್ಟಿನ ಯಾವುದೇ ಧರ್ಮದರ್ಶಿಗೆ ಫೋನು ಮಾಡಿ. ಯಾರ ಕೈಗೂ ರಸೀದಿ ಇಲ್ಲದೆ ನಗದು ಕೊಡಬೇಡಿ. ಲೆಕ್ಕವನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳುತ್ತೇವೆ, ವಾಚನಾಲಯದ ಬಾಗಿಲಿಗೂ ಅಂಟಿಸುತ್ತೇವೆ. ಕಬ್ಬಿಣದವರಿಗೆ ಏಪ್ರಿಲ್ ಕೊನೆಯೊಳಗೆ ಮುಂಗಡ ಕೊಡಬೇಕು. ಆದಷ್ಟೂ ಅದಕ್ಕೆ ಮೊದಲೇ ಕಳಿಸಿ.

ಇಂತಿ ನಿಮ್ಮ,
ವಾಚನಾಲಯ ಟ್ರಸ್ಟಿನ ಎಲ್ಲ ಧರ್ಮದರ್ಶಿಗಳು