ಮಗಳಿಗೊಂದು ಪತ್ರ: ಸಾರ್ಡಿನಿಯಾದ ಕಡಲಿಗೆ, ಇನ್ನೊಬ್ಬರ ಮನೆಗೆ

ಪ್ರೀತಿಯ ಮಗಳೇ,

ಇಟಲಿಯ ಸಾರ್ಡಿನಿಯಾ ದ್ವೀಪದ ಕಾಬ್ರಸ್ ಎಂಬ ಊರಿಗೆ, ಅಲ್ಲಿನವರ ಮನೆಯಲ್ಲಿ ಅತಿಥಿಯಾಗಿರಲು ಹೊರಟಿದ್ದೀಯ. ಫೋನಿನಲ್ಲಿ ಹೇಳಿದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡುತ್ತೀಯ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಹೊರಡುವ ಮೊದಲೊಮ್ಮೆ, ವಿಮಾನದಲ್ಲಿ ಕೂತು ಇನ್ನೊಮ್ಮೆ ಓದಿಕೋ.

ಮೊದಲು ಕಾಗದಪತ್ರದ ವಿಷಯ. ವೀಸಾ ಕೈಗೆ ಬಂತು, ಇನ್ನೇನು ಎಂದು ಕೂರಬೇಡ. ನೀನು ಮೊದಲು ಇಳಿಯುವುದು ಫ್ರಾಂಕ್‌ಫರ್ಟಿನಲ್ಲಿ, ಷೆಂಗೆನ್ ಪ್ರವೇಶ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳೊಳಗೆ ನೀನು ಕಾಲಿಟ್ಟದ್ದು, ಅಲ್ಲೇ ದಾಖಲಾಗುತ್ತದೆ. ಅಲ್ಲಿಂದ ಸಾರ್ಡಿನಿಯಾದ ರಾಜಧಾನಿ ಕಾಲ್ಯರಿಗೆ ಹೋಗುವುದು ದೇಶದೊಳಗಿನ ಪ್ರಯಾಣ ಇದ್ದ ಹಾಗೆಯೇ. ಹಾಗಾಗಿ ನೀನು ಇಟಲಿಗೆ ಬಂದದ್ದು ಇಟಲಿಯ ಪೊಲೀಸರಿಗೆ ತಾನಾಗಿ ಗೊತ್ತಾಗುವುದಿಲ್ಲ. ಹೋಟೆಲಿನಲ್ಲಿ ಇಳಿದಿದ್ದರೆ ಅವರೇ ತಿಳಿಸುತ್ತಿದ್ದರು. ಮನೆಯಲ್ಲಿ ಉಳಿಯುವವರು ಎಂಟು ದಿನದೊಳಗೆ ಕ್ವೆಸ್ತೂರಾಕ್ಕೆ, ಅಂದರೆ ಜಿಲ್ಲಾ ಪೊಲೀಸ್ ಕಚೇರಿಗೆ, ಹೋಗಿ ‘ಬಂದಿದ್ದೇನೆ’ ಎಂದು ಬರೆದುಕೊಡಬೇಕು. ಕಾಬ್ರಸ್‌ಗೆ ಹತ್ತಿರದ ಕ್ವೆಸ್ತೂರಾ ಒರಿಸ್ತಾನೊದಲ್ಲಿದೆ. ಇದಲ್ಲದೆ, ಯುರೋಪಿನ ಒಕ್ಕೂಟದ ಹೊರಗಿನವರನ್ನು ಮನೆಯಲ್ಲಿ ಇಟ್ಟುಕೊಂಡವರು 48 ಗಂಟೆಯೊಳಗೆ ಬೇರೆಯಾಗಿ ತಿಳಿಸಬೇಕೆಂಬ ನಿಯಮವಿದೆ. ಅದು ಅವರ ಜವಾಬ್ದಾರಿ, ಆದರೆ ಬೇಸಿಗೆಯ ಗಡಿಬಿಡಿಯಲ್ಲಿ ಮರೆತುಹೋಗುವಂಥದ್ದು. ಪಾಸ್‌ಪೋರ್ಟಿನ ಮೊದಲ ಪುಟ ಮತ್ತು ವೀಸಾ ಪುಟದ ಎರಡೆರಡು ಜೆರಾಕ್ಸ್ ಇಟ್ಟುಕೊಂಡು ಹೋಗಿ, ಮೊದಲ ದಿನವೇ ಅವರ ಕೈಗೆ ಕೊಟ್ಟುಬಿಡು. ನೆನಪಿಸಿದ ಹಾಗೂ ಆಗುತ್ತದೆ, ಕೇಳಿದ ಹಾಗೂ ಆಗುವುದಿಲ್ಲ.

ಸೂಟ್‌ಕೇಸಿನಲ್ಲಿ ತುಪ್ಪ, ಪೇಡ, ಪನೀರ್ ಯಾವುದೂ ಬೇಡ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಹೊರಗಿನಿಂದ ಯುರೋಪಿಗೆ ಒಯ್ಯುವಂತಿಲ್ಲ. ಮಾವಿನಹಣ್ಣು, ಹಸಿ ಕರಿಬೇವು ಕೂಡ ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲ. ಏಲಕ್ಕಿ, ಕಾಳುಮೆಣಸು, ಚನ್ನಪಟ್ಟಣದ ಗೊಂಬೆ, ಗಂಧದ ಸೋಪು, ಇಷ್ಟು ಸಾಕು ಉಡುಗೊರೆಗೆ. ಕಾಲ್ಯರಿ ವಿಮಾನ ನಿಲ್ದಾಣದ ಪಕ್ಕದಲ್ಲೇ ರೈಲು ನಿಲ್ದಾಣವಿದೆ, ಒರಿಸ್ತಾನೊಗೆ ಸುಮಾರು ಒಂದು ಗಂಟೆಯ ದಾರಿ. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಿಕೋ. ಮುದ್ರೆ ಬೀಳದ ಟಿಕೆಟ್ಟು ಟಿಕೆಟ್ಟೇ ಅಲ್ಲ, ದಂಡ ಕಟ್ಟಿಸುತ್ತಾರೆ.

ಇನ್ನು ಕಡಲು. ಅದರ ಬಗ್ಗೆ ಮಾತ್ರ ನಿಧಾನವಾಗಿ ಓದು.

ಕಾಬ್ರಸ್ ಇರುವುದು ಸಾರ್ಡಿನಿಯಾದ ಪಶ್ಚಿಮ ದಂಡೆಯಲ್ಲಿ, ಸಿನಿಸ್ ಎಂಬ ಚಾಚಿಕೊಂಡ ನೆಲದ ಬುಡದಲ್ಲಿ. ಆ ನೆಲದ ಪಶ್ಚಿಮ ಮಗ್ಗುಲಿನಲ್ಲಿ ಇಸ್ ಅರುತಾಸ್, ಮೈಮೋನಿ, ಮಾರಿ ಎರ್ಮಿ ಎಂಬ ತೀರಗಳಿವೆ. ಅವುಗಳೆದುರು ಮೆನೋರ್ಕಾ ದ್ವೀಪದವರೆಗೂ ತೆರೆದ ಸಮುದ್ರ, ಅಲೆಯನ್ನು ತಡೆಯುವಂಥದ್ದು ಹೆಚ್ಚೇನೂ ಇಲ್ಲ. ಪೂರ್ವ ಮಗ್ಗುಲು ಒರಿಸ್ತಾನೊ ಕೊಲ್ಲಿಯೊಳಗೆ ಬರುತ್ತದೆ, ಅಲ್ಲಿ ನೀರು ಬಹುಮಟ್ಟಿಗೆ ಶಾಂತ. ತಾರ್ರೋಸ್ ಎಂಬ ಹಳೆಯ ಫಿನೀಷಿಯನ್–ರೋಮನ್ ಪಟ್ಟಣದ ಅವಶೇಷ ಇರುವ ತುದಿಯಲ್ಲಿ ನೆಲ ಎಷ್ಟು ಕಿರಿದಾಗುತ್ತದೆಂದರೆ, ಒಂದು ಕಡಲಿನಿಂದ ಇನ್ನೊಂದಕ್ಕೆ ಕೆಲವೇ ನಿಮಿಷದ ನಡಿಗೆ. ಅಲ್ಲಿನವರು ಹೊರಗಿನದನ್ನು ‘ಮಾರೆ ವಿವೊ’, ಜೀವಂತ ಕಡಲು, ಎನ್ನುತ್ತಾರೆ. ಕೊಲ್ಲಿಯ ಕಡೆಯದು ‘ಮಾರೆ ಮೋರ್ತೊ’, ಸತ್ತ ಕಡಲು. ಬೆಳಿಗ್ಗೆ ಮನೆಯ ಯಜಮಾನರು ಬಾಗಿಲಲ್ಲಿ ನಿಂತು ಗಾಳಿ ನೋಡಿ ಎಲ್ಲಿಗೆ ಹೋಗುವುದೆಂದು ಹೇಳುವುದು ಇದೇ ಲೆಕ್ಕದ ಮೇಲೆ.

ವಾಯವ್ಯದಿಂದ ಬೀಸುವುದು ಮಾಯೆಸ್ತ್ರಾಲೆ. ಫ್ರಾನ್ಸಿನ ರೋನ್ ಕಣಿವೆಯಿಂದ ನುಗ್ಗಿಬರುವ ಈ ಗಾಳಿ ಒಮ್ಮೆ ಎದ್ದರೆ ಒಂದು ದಿನಕ್ಕೂ ನಿಲ್ಲಬಹುದು, ಮೂರು ನಾಲ್ಕು ದಿನವೂ ಕಾಡಬಹುದು. ಆಕಾಶ ಮಾತ್ರ ಶುಭ್ರ ನೀಲಿ, ಬಿಸಿಲು ಚೆನ್ನಾಗಿರುತ್ತದೆ, ಅದೇ ಮೋಸ. ಆ ದಿನ ಇಸ್ ಅರುತಾಸ್‌ನಲ್ಲಿ ಈಜುವ ಮಾತು ಬೇಡ. ಅಲ್ಲಿ ದಂಡೆಯ ಇಳಿಜಾರು ಕಡಿದು. ನಾಲ್ಕು ಹೆಜ್ಜೆಗೆ ಸೊಂಟದವರೆಗೆ ನೀರು, ಇನ್ನೆರಡಕ್ಕೆ ಕಾಲು ನೆಲಕ್ಕೆ ಸಿಗುವುದಿಲ್ಲ. ಮರಳು ಅಕ್ಕಿಕಾಳಿನಂಥ ಬೆಣಚುಕಲ್ಲಿನ ಹರಳು. ಅಲೆ ಹಿಂದೆ ಸರಿಯುವಾಗ ಆ ಹರಳುಗಳು ಕಾಲಡಿಯಿಂದ ಉರುಳಿಹೋಗುತ್ತವೆ, ನಿಲ್ಲಲು ಹಿಡಿತವೇ ಇರುವುದಿಲ್ಲ. ನೀರೊಳಗೆ ಇದ್ದಾಗ ಅಲೆ ಏರಿದರೆ, ಹಿಂದೆ ಸರಿಯುವ ನೀರಿನ ಜೊತೆ ಜಗಳಕ್ಕೆ ನಿಲ್ಲಬೇಡ. ದೊಡ್ಡ ಅಲೆಗಳು ಒಂದರ ಹಿಂದೊಂದು ಬಂದು ಮುಗಿಯುವವರೆಗೆ ಅಲೆ ಒಡೆಯುವ ಜಾಗದಿಂದ ಆಚೆ ತೇಲುತ್ತಿದ್ದು, ಸಣ್ಣದೊಂದರ ಬೆನ್ನ ಮೇಲೆ ದಡಕ್ಕೆ ಬಾ. ಕೈ ನೆಲಕ್ಕೆ ತಗುಲಿದ ಕೂಡಲೇ ನಾಲ್ಕು ಕಾಲಿನಲ್ಲಿ ತೆವಳಿ ಮೇಲೆ ಹತ್ತು. ಅಲ್ಲೇ ಎದ್ದು ನಿಂತು ಕೂದಲು ಸರಿಮಾಡಿಕೊಳ್ಳುವವರನ್ನೇ ಮುಂದಿನ ಅಲೆ ಬೀಳಿಸುವುದು.

ಆಗ್ನೇಯದ ಗಾಳಿ ಷಿರೊಕ್ಕೊ ಬಂದರೆ ಲೆಕ್ಕ ತಿರುವುಮುರುವು. ಹವೆ ಜಿಗುಟು, ಕೊಲ್ಲಿಯ ಕಡೆ ನೀರು ಕದಡುತ್ತದೆ, ಪಶ್ಚಿಮದ ತೀರಗಳು ಕನ್ನಡಿಯ ಹಾಗೆ ಇರುತ್ತವೆ. ಈ ಕನ್ನಡಿಯನ್ನು ನಂಬಬೇಡ. ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿರುವಾಗ ದಂಡೆಯಲ್ಲಿ ಅಲೆಯೇ ಇರುವುದಿಲ್ಲ, ಆದರೆ ಗಾಳಿ ತುಂಬಿದ ಹಾಸಿಗೆಯ ಮೇಲೆ ಮಲಗಿದವರನ್ನು ಅದು ಸದ್ದಿಲ್ಲದೆ ಒಯ್ಯುತ್ತದೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ದಡ ದೂರವಾಗಿರುತ್ತದೆ. ಆಗ ಹಾಸಿಗೆ ಬಿಟ್ಟು ಈಜಲು ಹೊರಡುವುದು ದೊಡ್ಡ ತಪ್ಪು. ಹಾಸಿಗೆ ಹಿಡಿದುಕೊಂಡೇ ಕೈಬೀಸಿ ಕೂಗಬೇಕು. ನನ್ನ ಮಾತು ಕೇಳಿದರೆ ಆ ಹಾಸಿಗೆಯನ್ನು ಮರಳಿನ ಮೇಲೆ ಮಾತ್ರ ಬಳಸು. ಕೆಂಪು ಬಾವುಟ ಕಂಡರೆ ನೀರಿಗಿಳಿಯುವುದಿಲ್ಲ, ಅಷ್ಟೇ. ಬಾವುಟವಾಗಲಿ ಕಾವಲುಗಾರನಾಗಲಿ ಇಲ್ಲದ ತೀರಗಳೂ ಬೇಕಾದಷ್ಟಿವೆ. ಅಲ್ಲಿ ಮನೆಯವರು ‘ಇವತ್ತು ಬೇಡ’ ಅಂದರೆ ಅದೇ ಕೆಂಪು ಬಾವುಟ. ಕರಾವಳಿ ರಕ್ಷಣೆಯ ನಂಬರ್ 1530, ಉಳಿದ ಎಲ್ಲ ತುರ್ತಿಗೆ 112.

ಗೋಕರ್ಣದಲ್ಲೋ ಮಲ್ಪೆಯಲ್ಲೋ ನೋಡಿದ ಉಬ್ಬರವಿಳಿತ ಅಲ್ಲಿಲ್ಲ, ನೀರಿನ ಅಂಚು ದಿನವಿಡೀ ಹೆಚ್ಚುಕಡಿಮೆ ಒಂದೇ ಕಡೆ ಇರುತ್ತದೆ. ಹಾಗೆಂದು ಅಂಚಿಗೇ ಟವೆಲ್ ಹಾಸಬೇಡ. ನೀರಿನಿಂದ ಐದು ಮೀಟರಿನಷ್ಟು ಜಾಗ ಓಡಾಟಕ್ಕೆ ಬಿಡುವುದು ಅಲ್ಲಿನ ನಿಯಮ. ದಂಡೆಯಲ್ಲಿ ರಾಶಿಬಿದ್ದ ಕಂದುಬಣ್ಣದ ಎಲೆ ಕಂಡು ಮೂಗು ಮುಚ್ಚಿಕೊಳ್ಳಬೇಡ. ಅದು ಪೊಸಿದೋನಿಯಾ, ಕಡಲಡಿಯ ಹುಲ್ಲು. ಆ ರಾಶಿ ಇರುವುದರಿಂದಲೇ ಚಳಿಗಾಲದ ಅಲೆಗೆ ಮರಳು ಕೊಚ್ಚಿಹೋಗದೆ ಉಳಿದಿದೆ.

ಮರಳು ಅಂದೆನಲ್ಲ, ಅದರ ಒಂದು ಹರಳನ್ನೂ ಮನೆಗೆ ತರಬೇಡ. ಬಿಳಿ, ನಸುಗೆಂಪು, ನಸುಹಸಿರು ಹರಳು ನೋಡಿದರೆ ಸಣ್ಣ ಬಾಟಲಿಗೆ ತುಂಬಿಕೊಳ್ಳೋಣ ಅನ್ನಿಸಿಯೇ ಅನ್ನಿಸುತ್ತದೆ. 2017ರ ಪ್ರಾಂತೀಯ ಕಾನೂನಿನ ಪ್ರಕಾರ ಮರಳು, ಕಲ್ಲು, ಚಿಪ್ಪು ಒಯ್ದವರಿಗೆ 500ರಿಂದ 3,000 ಯೂರೊ ದಂಡ. ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಬಾಟಲಿ ಸುಲಭವಾಗಿ ಸಿಕ್ಕಿಬೀಳುತ್ತದೆ. ತೀರ ಬಿಡುವ ಮೊದಲು ಟವೆಲ್ ಕೊಡವು, ಚಪ್ಪಲಿ ತೊಳೆ, ಚೀಲ ತಲೆಕೆಳಗು ಮಾಡು.

ಸಂಜೆ ಶಾಂತವಾಗಿರುವ, ಮೊಣಕಾಲುದ್ದದ ನೀರಿನಲ್ಲಿ ತ್ರಾಚಿನಾ ಎಂಬ ಮೀನು ಮರಳೊಳಗೆ ಹೂತುಕೊಂಡಿರುತ್ತದೆ, ಬೆನ್ನಿನ ಮುಳ್ಳಷ್ಟೇ ಮೇಲೆ. ತುಳಿದರೆ ಪ್ರಾಣ ಹೋಗುವಂಥ ನೋವು. ಅದರ ವಿಷ ಶಾಖಕ್ಕೆ ಕೆಡುತ್ತದೆ, ಆದ್ದರಿಂದ ಐಸ್ ಇಡುವುದು ತಪ್ಪು ಮದ್ದು. ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ, 45 ಡಿಗ್ರಿ ಮೀರದಂತೆ, ಅರ್ಧ ಗಂಟೆಯಿಂದ ಒಂದು ಗಂಟೆ ಕಾಲು ಇಡಬೇಕು. ನೀರಿನ ಬಿಸಿಯನ್ನು ಮತ್ತೊಂದು ಕಾಲಿನಿಂದಲೇ ನೋಡು. ಚುಚ್ಚಿಸಿಕೊಂಡ ಕಾಲಿಗೆ ಸುಡುವುದು ಗೊತ್ತಾಗದೆ ಬೊಬ್ಬೆ ಏಳುತ್ತದೆ. ಉಸಿರು ಕಟ್ಟಿದರೆ, ಮುಖ ಊದಿದರೆ 112. ನೇರಳೆ ಬಣ್ಣದ ಸಣ್ಣ ಜೆಲ್ಲಿಮೀನು ತಗುಲಿದರೆ ಕಡಲ ನೀರಿನಲ್ಲೇ ತೊಳೆ. ಸಿಹಿನೀರು, ವಿನೆಗರ್, ಉಜ್ಜುವುದು ಮೂರೂ ಬೇಡ. ಬಂಡೆಯ ಮೇಲೆ ಹೋಗುವಾಗ ರಬ್ಬರ್ ಷೂ ಇರಲಿ, ಮೈತುಂಬ ಮುಳ್ಳಿರುವ ಕಡಲ ಜೀವಿಗಳು ಬಿರುಕುಗಳಲ್ಲೇ ಕೂತಿರುತ್ತವೆ.

ನಮ್ಮ ಮೈಬಣ್ಣಕ್ಕೆ ಬಿಸಿಲು ತಾಗುವುದಿಲ್ಲ ಎನ್ನುವುದು ಸುಳ್ಳು. ಗಾಳಿ ತಂಪಾಗಿರುವುದರಿಂದ ಸುಡುತ್ತಿರುವುದು ತಿಳಿಯುವುದಿಲ್ಲ, ರಾತ್ರಿ ಮಲಗುವಾಗ ತಿಳಿಯುತ್ತದೆ. ಸನ್‌ಸ್ಕ್ರೀನ್ ಮುಖ ಕುತ್ತಿಗೆಗೆ ಎರಡು ಬೆರಳುದ್ದ, ಇಡೀ ಮೈಗೆ ಸುಮಾರು 30 ಮಿಲಿ. ಅಂದರೆ 200 ಮಿಲಿ ಬಾಟಲಿ ಆರೇಳು ಸಲಕ್ಕೆ ಖಾಲಿಯಾಗಬೇಕು. ತಿಂಗಳಿಡೀ ಬಂತು ಅಂದರೆ ಹಚ್ಚಿದ್ದು ಸಾಲದು ಎಂದರ್ಥ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೊಮ್ಮೆ ಮತ್ತೆ ಹಚ್ಚು.

ಬಟ್ಟೆಯ ಬಗ್ಗೆ ಹೆಚ್ಚು ಯೋಚಿಸಬೇಡ. ಬಿಕಿನಿಯೇ ಹಾಕಬೇಕೆಂದಿಲ್ಲ, ಈಜಿನ ಟೀಶರ್ಟು ಚಡ್ಡಿ ಹಾಕಿದರೂ ಯಾರೂ ತಿರುಗಿ ನೋಡುವುದಿಲ್ಲ. ಒದ್ದೆ ಈಜುಡುಗೆಯಲ್ಲೇ ಕೂತಿದ್ದರೆ ಮಾತ್ರ ಮನೆಯೊಡತಿ ಸುಮ್ಮನಿರುವುದಿಲ್ಲ, ಇನ್ನೊಂದು ಜೊತೆ ಚೀಲದಲ್ಲಿರಲಿ.

ಊಟವಾದ ಮೇಲೆ ಎರಡು ಮೂರು ಗಂಟೆ ನೀರಿಗಿಳಿಯಬಾರದು ಎನ್ನುವುದು ಇಟಲಿಯ ಮನೆಗಳಲ್ಲಿ ವೇದವಾಕ್ಯ. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಗಟ್ಟಿ ಆಧಾರವಿಲ್ಲ. ಆದರೂ ವಾದಕ್ಕೆ ಇಳಿಯಬೇಡ. ಹೇಗೂ ಆ ಹೊತ್ತಿನ ಬಿಸಿಲು ಹೊರಗೆ ಇರುವಂಥದ್ದಲ್ಲ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆ, ಆಮೇಲೆ ಊಟ, ನಿದ್ದೆ, ಮತ್ತೆ ಐದರಿಂದ ಎಂಟು. ಜುಲೈಯಲ್ಲಿ ಸೂರ್ಯ ಮುಳುಗುವುದೇ ಒಂಬತ್ತರ ಹೊತ್ತಿಗೆ. ಮಧ್ಯಾಹ್ನ ಕಿಟಕಿಯ ಮರದ ಬಾಗಿಲು ಮುಚ್ಚಿರುವುದು ಬಿಸಿ ಒಳಬಾರದಿರಲಿ ಎಂದು, ಗಾಳಿ ಬೇಕೆಂದು ತೆರೆಯಬೇಡ.

ಮನೆಯೊಳಗೆ ನಮ್ಮವರು ಎಡವುವುದು ಬಚ್ಚಲಲ್ಲಿ. ನೆಲದಲ್ಲಿ ನೀರು ಹೋಗುವ ತೂತು ಬಹಳ ಮನೆಗಳಲ್ಲಿ ಇರುವುದಿಲ್ಲ. ತಂಬಿಗೆ ನೀರು ಸುರಿದರೆ ಅದು ಹೋಗುವುದು ಹಜಾರಕ್ಕೆ. ಸ್ನಾನ ಷವರಿನ ಕಟ್ಟೆಯೊಳಗೆ ಮಾತ್ರ. ಕಮೋಡಿನ ಪಕ್ಕದ ಇನ್ನೊಂದು ತಗ್ಗು ಬೋಗುಣಿ ಬಿದೇ, ತೊಳೆದುಕೊಳ್ಳಲಿಕ್ಕೆ ಇರುವುದು. ನಲ್ಲಿ, ಸೋಪು ಅಲ್ಲೇ ಇರುತ್ತದೆ. ಪಕ್ಕದ ಸಣ್ಣ ಟವೆಲ್ ಅದಕ್ಕೆಂದೇ, ಮುಖ ಒರೆಸಿಕೊಂಡೀಯ. ಕಡಲಿನಿಂದ ಬಂದವಳು ಅಂಗಳದ ಪೈಪಿನಲ್ಲಿ ಮೊದಲು ಕಾಲು, ಈಜುಡುಗೆಯ ಅಂಚು ತೊಳೆದು ಒಳಗೆ ಹೋಗು. ಆ ಹರಳು ಪೈಪಿಗಿಳಿದರೆ ಕಟ್ಟಿಕೊಳ್ಳುತ್ತದೆ. ಮನೆಯೊಳಗೆ ಬರಿಗಾಲಲ್ಲಿ ಓಡಾಡಿದರೆ ಅವರಿಗೆ ಕಳವಳ, ಒಳಗಿನ ಚಪ್ಪಲಿ ಒಂದು ಜೊತೆ ಒಯ್ಯಿ.

ಇನ್ನೊಂದು, ಕರೆಂಟು. ಅಲ್ಲಿನ ಸಾಮಾನ್ಯ ಮನೆಯ ಮೀಟರಿಗೆ 3 ಕಿಲೋವ್ಯಾಟ್ ಮಿತಿ. ವಾಷಿಂಗ್ ಮೆಷಿನ್ನು, ಅಡುಗೆಮನೆಯ ಓವನ್ ಎರಡೂ ನಡೆಯುತ್ತಿರುವಾಗ ನೀನು ಹೇರ್ ಡ್ರೈಯರ್ ಹಾಕಿದೆಯೋ, ಇಡೀ ಮನೆ ಕತ್ತಲು. ಕೇಳಿಕೊಂಡು ಹಾಕು.

ಊಟದ ವಿಷಯದಲ್ಲಿ ‘ಮಾಂಸ ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ತಟ್ಟೆಗೆ ಮೀನು ಬರುತ್ತದೆ. ಮಾಂಸವೂ ಇಲ್ಲ, ಮೀನೂ ಇಲ್ಲ ಎಂದು ಎರಡನ್ನೂ ಹೆಸರಿಟ್ಟು ಹೇಳು. ಕಾಬ್ರಸ್ ಬೊತ್ತಾರ್ಗಕ್ಕೆ ಹೆಸರಾದ ಊರು. ಉಪ್ಪು ಹಾಕಿ ಒಣಗಿಸಿದ ಮೀನಿನ ಮೊಟ್ಟೆ ಅದು. ತುರಿದು ಪಾಸ್ತಾದ ಮೇಲೆ ಉದುರಿಸಿದರೆ ಚೀಸಿನ ಪುಡಿಯೆಂದೇ ಕಾಣುತ್ತದೆ. ತೆಳ್ಳನೆ ಗರಿಗರಿ ರೊಟ್ಟಿ ಪಾನೆ ಕರಸಾವು ಧೈರ್ಯವಾಗಿ ತಿನ್ನು. ಅದನ್ನೇ ನೆನೆಸಿ ಟೊಮೆಟೊ, ಮೊಟ್ಟೆ ಹಾಕಿದ ಪಾನೆ ಫ್ರತ್ತಾವುಗೆ ಕುರಿಮಾಂಸದ ಸಾರು ಬಳಸುವುದುಂಟು. ಚೀಸ್ ತುಂಬಿ ಕರಿದು ಜೇನು ಸುರಿಯುವ ಸೆಯಾದಾಸ್‌ನ ಹಿಟ್ಟಿಗೆ ಹಂದಿಕೊಬ್ಬು ಸೇರಿಸುವುದು ಹಳೆಯ ಪದ್ಧತಿ, ಕೇಳಿ ತಿನ್ನು. ಆಲೂಗಡ್ಡೆ, ಪುದೀನ, ಚೀಸ್ ತುಂಬಿ ಗೋಧಿತೆನೆಯ ಹಾಗೆ ಹೆಣೆದು ಮುಚ್ಚುವ ಕುಲುರ್ಜೊನೆಸ್ ನಿನಗೆ ಖಂಡಿತ ಹಿಡಿಸುತ್ತದೆ. ಕುರಿಹಾಲಿನ ಚೀಸ್ ಪೆಕೊರೀನೊಗೆ ಹಾಲು ಹೆಪ್ಪಾಗುವುದು ಕರುವಿನದೋ ಕುರಿಮರಿಯದೋ ಹೊಟ್ಟೆಯ ರೆನೆಟ್‌ನಿಂದ. ಅದನ್ನು ತಿನ್ನುತ್ತೀಯೋ ಇಲ್ಲವೋ ಇಲ್ಲಿಂದಲೇ ತೀರ್ಮಾನಿಸಿಕೊಂಡು ಹೋಗಿ ಮೊದಲ ದಿನವೇ ಹೇಳಿಬಿಡು. ಅದನ್ನೂ ಬಿಟ್ಟರೆ ಅಡುಗೆಮನೆಯವರಿಗೆ ಬಹಳ ಕಷ್ಟವಾಗುತ್ತದೆ ಎಂದಷ್ಟೇ ನನ್ನ ಅಭಿಪ್ರಾಯ, ಬಲವಂತವಿಲ್ಲ.

ಒಂದು ದಿನ ಚಿತ್ರಾನ್ನ ಮಾಡು. ಒರಿಸ್ತಾನೊ ಬಯಲಿನಲ್ಲಿ ಭತ್ತ ಬೆಳೆಯುತ್ತಾರೆ, ಆದರೆ ರಿಸೊಟ್ಟೊಗೆ ಬಳಸುವ ಅಕ್ಕಿ ಅಂಟಂಟು. ಸೂಪರ್‌ಮಾರ್ಕೆಟ್ಟಿನ ಬಾಸ್ಮತಿ ತೆಗೆದುಕೋ. ಆರು ಜನಕ್ಕೆ 450 ಗ್ರಾಂ ಸಾಕು, ಪೂರ್ತಿ ಆರಿಸಿಯೇ ಕಲಸು. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಅರಿಶಿನ ಇಲ್ಲಿಂದ ಒಯ್ಯಿ. ಒಣಮೆಣಸಿನಕಾಯಿ ಎರಡೇ, ಬೀಜ ತೆಗೆದು. ಶೇಂಗಾ ಯಾರಿಗಾದರೂ ಆಗುವುದಿಲ್ಲವೇ ಎಂದು ಮೊದಲು ಕೇಳು. ಒಗ್ಗರಣೆಗೆ ಮೊದಲು ಕಿಟಕಿ ತೆರೆ, ಇಲ್ಲದಿದ್ದರೆ ಮನೆಮಂದಿಯೆಲ್ಲ ಕೆಮ್ಮುತ್ತಾ ಅಂಗಳಕ್ಕೆ ಓಡುತ್ತಾರೆ.

ದುಡ್ಡು ಕೊಡಲು ಹೋದರೆ ಅವರು ಬಿಡುವುದಿಲ್ಲ, ಜಗಳವಾಡಬೇಡ. ಸಂಜೆ ಹತ್ತಿರದ ಕಡಲತೀರದ ಊರು ತೊರ್ರೆ ಗ್ರಾಂದೆಗೆ ಐಸ್‌ಕ್ರೀಮಿಗೆ ಹೋದಾಗ ಎಲ್ಲರಿಗಿಂತ ಎರಡು ಹೆಜ್ಜೆ ಮುಂದೆ ನಡೆದು, ಎಲ್ಲರೂ ರುಚಿ ಆರಿಸುತ್ತಿರುವಾಗಲೇ ಗಲ್ಲಾದಲ್ಲಿ ಕೊಟ್ಟು ಚೀಟಿ ಇಸಿದುಕೊಂಡುಬಿಡು.

ಇಳಿದ ಕೂಡಲೇ ಒಂದು ಮೆಸೇಜ್ ಹಾಕು.

ನಿನ್ನ
ಅಮ್ಮ