‘ಪತ್ನಿಸಮೇತ’ ಎಂದರೆ ಸಾಲದು

ಮಾನ್ಯ ಸಂಪಾದಕರೇ,

ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳ ಮುಖಂಡರಿಗೂ ಬ್ರಿಟಿಷರಿಗೂ ನಡುವೆ ಆದ ವೈತಾಂಗಿ ಒಪ್ಪಂದದ (1840) ಪ್ರಸ್ತಾಪ ಬಂದಾಗಲೆಲ್ಲ ಅದನ್ನು ಮಾವೊರಿ ಭಾಷೆಗೆ ತಂದ ಮಿಷನರಿ ಹೆನ್ರಿ ವಿಲಿಯಮ್ಸ್ ಹೆಸರು ಬರುತ್ತದೆ. ಅವರ ಹೆಂಡತಿ ಮರಿಯಾನ್ ‘ಪತ್ನಿಸಮೇತ’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತಾರೆ. ಇದು ಅನ್ಯಾಯ.

1822ರಲ್ಲಿ ಈ ಕುಟುಂಬ ಇಂಗ್ಲೆಂಡ್ ಬಿಟ್ಟದ್ದು ಮಹಿಳಾ ಕೈದಿಗಳನ್ನು ಸಿಡ್ನಿಗೆ ಸಾಗಿಸುತ್ತಿದ್ದ ಹಡಗಿನಲ್ಲಿ. ಮರುವರ್ಷ ಸೆಪ್ಟೆಂಬರಿನಲ್ಲಿ ನ್ಯೂಜಿಲೆಂಡಿನ ಪೈಹಿಯಾಕ್ಕೆ ಬಂದಾಗ ಮರಿಯಾನ್ ಮೂವರು ಎಳೆಯ ಮಕ್ಕಳ ತಾಯಿ, ಮೇಲೆ ತುಂಬು ಬಸುರಿ. ನವೆಂಬರಿನಲ್ಲೇ ಹೆರಿಗೆ. ವೈದ್ಯಕೀಯ ಕಲಿತಿದ್ದ ಮೈದುನ ವಿಲಿಯಂ ಅಲ್ಲಿಗೆ ತಲುಪಿದ್ದು 1826ರಲ್ಲಿ! ಬ್ರಿಟಿಷ್ ಆಡಳಿತ ಆಗಿನ್ನೂ ಅಲ್ಲಿ ಕಾಲಿಟ್ಟಿರಲಿಲ್ಲ. ಇವರಿಗಿದ್ದ ಆಸರೆ ಮಾವೊರಿ ಮುಖಂಡ ತೆ ಕೋಕಿಯದು.

ಮೊದಲ ಮನೆ ರೌಪೋ ಎಂಬ ಜೊಂಡಿನದು. ಮರದ ಚೌಕಟ್ಟಿಗೆ ಒಣಗಿದ ಜೊಂಡಿನ ಕಂತೆಗಳನ್ನು ನಾರಿನಿಂದ ಬಿಗಿದರೆ ಗೋಡೆ ಸಿದ್ಧ. ಬೇಗ ಏಳುತ್ತದೆ, ಆದರೆ ಒಂದು ಕಿಡಿ ಸಿಡಿದರೂ ಇಡೀ ಮನೆ ಹೊತ್ತಿಕೊಳ್ಳುತ್ತದೆ. ಅಂಥ ಮನೆಯ ಹತ್ತಿರ ಒಲೆ ಹೂಡುವಂತಿಲ್ಲ; ದೂರದ ಬಯಲೊಲೆಗೆ ಮಳೆಯೇ ಶತ್ರು.

ಎಲ್ಲಕ್ಕಿಂತ ಕಷ್ಟದ್ದು ದಿನಸಿ. ಆಲೂಗಡ್ಡೆ, ಹಂದಿಮಾಂಸ ಮಾವೊರಿಗಳ ಬಳಿ ಧಾರಾಳವಾಗಿತ್ತು. ಆದರೆ ಹಡಗಿನ ವ್ಯಾಪಾರಿಗಳು ಅದಕ್ಕೆ ಬದಲು ಬಂದೂಕು ಕೊಟ್ಟು ರೂಢಿ ಮಾಡಿಸಿದ್ದರು. ಹೆನ್ರಿ ಬಂದೂಕಿನ ವಿನಿಮಯ ಬೇಡವೆಂದರು. ನಿರ್ಧಾರ ಸರಿಯಾದದ್ದೇ, ಅದರ ಬಿಸಿ ತಟ್ಟಿದ್ದು ಮಾತ್ರ ಅಡುಗೆಮನೆಗೆ. ಕೊಡಲಿ, ಕಂಬಳಿ, ಗಾಳಗಳಿಗೆ ಅಷ್ಟು ಸುಲಭವಾಗಿ ಆಹಾರ ಸಿಗುತ್ತಿರಲಿಲ್ಲ. ಉಳಿದದ್ದು ಸುಮಾರು 2,000 ಕಿ.ಮೀ. ದೂರದ ಸಿಡ್ನಿಯಿಂದ, ಹಡಗು ಬಂದರೆ ಬಂತು. ಕೊನೆಗೆ ಮಿಷನ್ನಿನವರೇ 55 ಟನ್ನಿನ ‘ಹೆರಾಲ್ಡ್’ ಹಡಗು ಕಟ್ಟಿ 1826ರ ಜನವರಿಯಲ್ಲಿ ನೀರಿಗಿಳಿಸಿದರು. ಚರಿತ್ರೆಯಲ್ಲಿ ಹಡಗಿಗೆ ಜಾಗವಿದೆ. ಅದು ಬರುವ ತನಕ ಇದ್ದಷ್ಟರಲ್ಲೇ ಮಕ್ಕಳ ಹೊಟ್ಟೆ ತುಂಬಿಸಿದವರಿಗೂ ಇರಬೇಕಲ್ಲವೇ?

ಮನೆಗೆಲಸಕ್ಕೆ ಮಾವೊರಿ ಹುಡುಗಿಯರು ಬರುತ್ತಿದ್ದರು. ಬೇಸರವಾದರೆ ಒಗೆತ ನಡುವೆಯೇ ಬಿಟ್ಟು ಈಜಲು ಹೊರಟುಬಿಡುವರು. ಹೊಲಿಗೆ, ಓದು ಕಲಿಸುವ ಕೆಲಸ ಮತ್ತೆ ಮೊದಲಿನಿಂದ. ಈ ಹುಡುಗಿಯರ ಹೆಸರುಗಳಂತೂ ಮರಿಯಾನ್ ಹೆಸರಿಗಿಂತಲೂ ಅಪರೂಪ.

ಮುಂದಿನ ಫೆಬ್ರುವರಿ 6ರ ವೈತಾಂಗಿ ದಿನಕ್ಕೆ ಲೇಖನ ಪ್ರಕಟಿಸುವುದಾದರೆ, ಮರಿಯಾನ್ ಊರಿಗೆ ಬರೆದ ಪತ್ರಗಳನ್ನೂ ನೋಡಿ ಬರೆಯುವಂತೆ ಲೇಖಕರಿಗೆ ದಯವಿಟ್ಟು ತಿಳಿಸಿ.

– ಓರ್ವ ಓದುಗರು