ಐದನೆಯ ನೀರುದೋಸೆ

ಶಂಕರಪುರ, ಉಡುಪಿ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಟಿ.ವಿ. ಆರಿಸಿ ಗದರಿದೆ, ನೀನು ಅಳುತ್ತಲೇ ಮಲಗಿದೆ. ಬೈದು ಹೇಳಿದ್ದು ಮನಸ್ಸಿಗೆ ಇಳಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಅಜ್ಜಿ ಐದನೆಯ ನೀರುದೋಸೆ ಬಡಿಸಿದರು. ನೀನು ಟಿ.ವಿ.ಯಿಂದ ಕಣ್ಣು ಕೀಳದೆ, ತಟ್ಟೆಯತ್ತ ನೋಡದೆಯೇ ತಿಂದೆ. ಆಮೇಲೆ ಖಾಲಿ ತಟ್ಟೆಯಲ್ಲಿ ನಿನ್ನ ಬೆರಳು ದೋಸೆ ಹುಡುಕುತ್ತಲೇ ಇತ್ತು. ಬೆಳೆಯುವ ಹುಡುಗಿ, ಇನ್ನೆರಡು ತಿಂದರೂ ನನಗೆ ಸಂತೋಷವೇ. ಹೆದರಿಕೆಯಾದದ್ದು ಆ ಬೆರಳನ್ನು ಕಂಡು. ಹೊಟ್ಟೆ ಸಾಕು ಎಂದದ್ದನ್ನು ಕೇಳಬೇಕಾದ ಮನಸ್ಸು ಪರದೆಯೊಳಗೆ ಹೊಕ್ಕಿತ್ತು.

ಕಣ್ಣಿನ ಪಾಡೂ ಅದೇ. ನಮ್ಮ ರೆಪ್ಪೆ ನಿಮಿಷಕ್ಕೆ ಸುಮಾರು 15 ಬಾರಿ ಬಡಿದು ಕಣ್ಣಿಗೆ ತೇವ ಸವರುತ್ತದೆ. ಪರದೆಯನ್ನೇ ದಿಟ್ಟಿಸುವಾಗ ಬಡಿಯುವುದು ತೀರಾ ಕಡಿಮೆಯಾಗುತ್ತದೆ. ನೀನು ಉರಿ ಎಂದು ಕಣ್ಣುಜ್ಜುವುದು ಅದಕ್ಕೇ. ಕತ್ತಲಾದಾಗ ಮಲಗುವ ಹೊತ್ತಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಹಾರ್ಮೋನನ್ನು ಪರದೆಯ ಬೆಳಕು ತಡೆಯುತ್ತದೆ. ನಿನ್ನ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಹನ್ನೊಂದಕ್ಕೆ ಮಲಗಿ ಆರಕ್ಕೆ ಎದ್ದರೆ ಎಷ್ಟಾಯಿತು, ನೀನೇ ಲೆಕ್ಕ ಹಾಕು. ಬೆಳಿಗ್ಗೆ ಅಜ್ಜಿಯ ಮೇಲೆ ಸಿಡುಕುವುದು ಆ ಬಾಕಿ ನಿದ್ದೆಯಿಂದಲೇ.

ತಪ್ಪು ನನ್ನದೂ ಇದೆ. ನೀನು ಸಣ್ಣವಳಿದ್ದಾಗ, ಹೂ ಕಟ್ಟಿ ಮಾರಾಟಕ್ಕೆ ಕೊಡುವ ಅವಸರದಲ್ಲಿ ಕಾರ್ಟೂನ್ ಹಾಕಿ ತುತ್ತು ತಿನ್ನಿಸಿದವಳು ನಾನೇ. 2ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನಾನು ಅದನ್ನು ಓದುವ ಹೊತ್ತಿಗೆ ನಿನಗೆ ಅಭ್ಯಾಸವಾಗಿಬಿಟ್ಟಿತ್ತು.

ಕಳೆದ ಬೇಸಿಗೆ ಅಜ್ಜಿಯ ಪಕ್ಕ ಕುಳಿತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಲು ಕಲಿತೆಯಲ್ಲ? ಒಂದು ಚೆಂಡು ಮಾಲೆಗೆ 800 ಮೊಗ್ಗು. ಇನ್ನೂರು ಕಟ್ಟುವಷ್ಟರಲ್ಲಿ ಬೇಸರವೆಂದು ಎದ್ದು ಹೋದೆ. ಅಂಗಳದಲ್ಲಿ ಸುಮ್ಮನೆ ಸುತ್ತಿದೆ, ಇರುವೆಗಳ ಸಾಲು ನೋಡುತ್ತಾ ಕುಳಿತೆ, ಕೊನೆಗೆ ನೀನಾಗಿಯೇ ಬಂದು ನಾರು ಕೈಗೆತ್ತಿಕೊಂಡೆ. ಆ ಬೇಸರ ನನಗೆ ಬಹಳ ಇಷ್ಟವಾಗಿತ್ತು, ಪುಟ್ಟಿ. ಈಗ ಬೇಸರ ಹತ್ತಿರ ಸುಳಿಯುವ ಮೊದಲೇ ನಿನ್ನ ಕೈ ರಿಮೋಟಿಗೆ ಹೋಗುತ್ತದೆ.

ಟಿ.ವಿ. ಮಾರುವುದಿಲ್ಲ, ಹೆದರಬೇಡ. ಊಟದ ಹೊತ್ತಿನಲ್ಲಿ ಮತ್ತು ರಾತ್ರಿ ಎಂಟರ ಮೇಲೆ ಹಾಕುವಂತಿಲ್ಲ, ಅಷ್ಟೇ. ನನ್ನ ಧಾರಾವಾಹಿಗೂ ಇದೇ ನಿಯಮ. ಭಾನುವಾರ ಸಂಜೆ ಕಾಪು ದೀಪಸ್ತಂಭದ ಬಳಿ ಸಮುದ್ರಕ್ಕೆ ಹೋಗೋಣ.

ನಾಳೆ ಮೊಗ್ಗು ಕೊಯ್ಯಲು ನಿನ್ನನ್ನು ಎಬ್ಬಿಸಲೇ ಎಂದು ಅಜ್ಜಿ ಕೇಳಿದರು. ಒಂಬತ್ತಕ್ಕೆ ಮಲಗಿದರೆ ಎಬ್ಬಿಸಿ ಎಂದಿದ್ದೇನೆ.

ನಿನ್ನ
ಅಮ್ಮ